ಹಳೆ ಜೀಪು ಎತ್ತರಿಸಿದರೆ ಆರ್‌ಸಿ ಏನಾಗುತ್ತೆ? ಮನೆಯಲ್ಲೇ ಮಾಡುವ ಫೋರ್‌ ವೀಲ್‌ ಡ್ರೈವ್‌ ಮಾಡಿಫಿಕೇಶನ್‌ನ ಕಾನೂನು, ಲೆಕ್ಕ, ಅಪಾಯ

2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಳೆ ಗಾಡಿಗಳ ನೋಂದಣಿ ನವೀಕರಣದ ಶುಲ್ಕ ಏರಿಸಿತು. 20 ವರ್ಷ ದಾಟಿದ ಕಾರು, ಜೀಪುಗಳಿಗೆ 5,000 ರೂಪಾಯಿ ಇದ್ದದ್ದು 10,000 ಆಯಿತು. ಜಿಎಸ್‌ಟಿ ಬೇರೆ. ಅದೇ ಹೊತ್ತಿಗೆ ದಿಲ್ಲಿಯಿಂದ ಹಳೆ ಡೀಸೆಲ್ ಗಾಡಿಗಳ ನಿಷೇಧದ ಸುದ್ದಿ ಬರುತ್ತಲೇ ಇತ್ತು. ಇದರ ಜೊತೆಗೆ ಮಾರ್ಪಡಿಸಿದ ಗಾಡಿಗಳಿಗೆ ದಂಡ ಹಾಕಿದ ವರದಿಗಳೂ ಸೇರಿಕೊಂಡವು. ಮೂರೂ ಬೆರೆತು ಬೆಂಗಳೂರಿನ ಹಳೆ ಮಾರುತಿ ಜಿಪ್ಸಿ, ಹಳೆ ಮಹೀಂದ್ರ ಜೀಪು ಇಟ್ಟುಕೊಂಡವರ ತಲೆಯಲ್ಲಿ ದೊಡ್ಡ ಗೊಂದಲ. ಗಾಡಿ ಇಟ್ಟುಕೊಳ್ಳಬಹುದಾ? ದಪ್ಪ ಟೈರ್ ಹಾಕಬಹುದಾ? ಎತ್ತರಿಸಿದರೆ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎಂಬ ತಪಾಸಣೆ) ಆಗುತ್ತಾ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ದಿಲ್ಲಿಯ ಮಿತಿ ದಿಲ್ಲಿ ಮತ್ತು ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಆ ನಿಯಮ ಇಲ್ಲ. ಇಲ್ಲಿ ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದು ವರ್ಷಕ್ಕೆ ನೋಂದಣಿ ಮುಂದುವರಿಯುತ್ತದೆ. ಮತ್ತೆ ಐದು ವರ್ಷಕ್ಕೆ ಮತ್ತೊಮ್ಮೆ. ಗಾಡಿ ಗಟ್ಟಿಯಾಗಿದ್ದರೆ ಸಾಕು.

ತೊಡಕು ಇರುವುದು ಉಳಿದ ಎರಡು ಪ್ರಶ್ನೆಗಳಲ್ಲಿ. ಯಾಕೆಂದರೆ ಆ ತಪಾಸಣೆಯ ದಿನವೇ ಮಾರ್ಪಾಡು ಕಣ್ಣಿಗೆ ಬೀಳುವುದು.

ಯಾಕೆ ಈಗಲೇ ಈ ಮಾತು

ಜಿಪ್ಸಿ ಬಂದದ್ದು 1985ರಲ್ಲಿ. 2019ರ ಹೊತ್ತಿಗೆ ಸಾಮಾನ್ಯ ಗ್ರಾಹಕರಿಗೆ ಮಾರಾಟ ನಿಂತಿತು. ಈಗ ಬೆಂಗಳೂರಿನ ರಸ್ತೆಯಲ್ಲಿ ಕಾಣುವ ಜಿಪ್ಸಿಗಳಲ್ಲಿ ಬಹಳಷ್ಟು ಒಂದು ಸಲವಾದರೂ ಎಫ್‌ಸಿ ಕಂಡವು. ಮಹೀಂದ್ರದ ಎಂಎಂ 540, ಎಂಎಂ 550, ಸಿಜೆ ಜೀಪುಗಳಲ್ಲೂ ಬಹಳಷ್ಟು ಹಳೆಯವು. ಇವುಗಳ ಜೊತೆಗೆ ಇನ್ನೊಂದು ದೊಡ್ಡ ಗುಂಪು ಈಗ ಸೇರುತ್ತಿದೆ. ಮೊದಲ ತಲೆಮಾರಿನ ಮಹೀಂದ್ರ ಥಾರ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ಆ ಗಾಡಿಗಳಿಗೆ 15 ತುಂಬಲು ಶುರುವಾಗಿದೆ. ದೇಶದಲ್ಲಿ ಅತಿ ಹೆಚ್ಚು ಮಾರ್ಪಾಡಿಗೆ ಒಳಗಾದ ಮಾದರಿಗಳಲ್ಲಿ ಅದೂ ಒಂದು. ಕಂಪನಿಯಿಂದ ಹೊರಬಂದ ರೂಪದಲ್ಲೇ ಉಳಿದ ಹಳೆ ಥಾರ್ ಹುಡುಕುವುದು ಕಷ್ಟ.

ಅಂದರೆ ಮುಂದಿನ ಕೆಲವು ವರ್ಷ ಬೆಂಗಳೂರಿನ ಆರ್‌ಟಿಒಗಳ ಮುಂದೆ ಎತ್ತರಿಸಿದ, ಬಂಪರ್ ಬದಲಾಯಿಸಿದ, ದೊಡ್ಡ ಚಕ್ರದ ಗಾಡಿಗಳ ಸಾಲು ಬೆಳೆಯುತ್ತಲೇ ಹೋಗುತ್ತದೆ. ಹತ್ತು ವರ್ಷದ ಹಿಂದೆ ಸುಮ್ನೆ ಹಾಕಿಸಿದ ಲಿಫ್ಟ್‌ಗೆ, ಅಂದರೆ ಗಾಡಿ ಎತ್ತರಿಸಿದ್ದಕ್ಕೆ, ಈಗ ಲೆಕ್ಕ ಕೊಡಬೇಕು.

ಕಾನೂನು ನಿಜವಾಗಿ ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಲ್ಲಿ ಮುಖ್ಯ. ತಯಾರಕರು ಮೂಲತಃ ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ ಎನ್ನುತ್ತದೆ ಅದು. ಅದೇ ಸೆಕ್ಷನ್ ಕೊನೆಯಲ್ಲಿ ಒಂದು ವಿವರಣೆ ಇದೆ. ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆಯನ್ನು ಮಾತ್ರ ಮಾರ್ಪಾಡು ಎಂದು ಪರಿಗಣಿಸಬೇಕು ಎಂದು.

2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಈ ಸೆಕ್ಷನ್ ಅನ್ನು ಬಿಗಿಯಾಗಿ ಓದಿತು. ತಯಾರಕರ ಮೂಲ ನಮೂನೆಯಿಂದ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಲು ಅವಕಾಶವಿಲ್ಲ, ಕಾಯ್ದೆಯಡಿ ಮಾಡಿದ ನಿಯಮಗಳೂ ಈ ಸೆಕ್ಷನ್‌ಗೆ ಅಧೀನ ಎಂದಿತು. ಪತ್ರಿಕೆಗಳಲ್ಲಿ ಇದು ‘ಮಾಡಿಫಿಕೇಶನ್ ಪೂರ್ತಿ ನಿಷೇಧ’ ಎಂದು ಬಂತು. ಆ ತಲೆಬರಹವೇ ಇವತ್ತಿಗೂ ಜನರ ಮನಸ್ಸಿನಲ್ಲಿ ಉಳಿದಿದೆ.

ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಅದರಲ್ಲಿ ಎರಡು ವಿಷಯ ಇದ್ದವು. ಜನರಿಗೆ ಗೊತ್ತಾದದ್ದು ಒಂದೇ, ದಂಡದ್ದು. 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಈ 5,000 ಗಾಡಿಗೆ ಒಟ್ಟು ಲೆಕ್ಕ ಅಲ್ಲ, ಪ್ರತಿ ಮಾರ್ಪಾಡಿಗೆ. ಬಂಪರ್, ಲಿಫ್ಟ್, ಬಾಡಿ ಮೂರೂ ಬದಲಾಗಿದ್ದರೆ ಮೂರು ಪಟ್ಟು. ಸೈಲೆನ್ಸರ್ ಬದಲಾಯಿಸಿ ಸದ್ದು ಮಿತಿ ಮೀರಿದರೆ ಅದು ಬೇರೆ ಸೆಕ್ಷನ್, ಅಲ್ಲಿ ದಂಡ 10,000 ರೂಪಾಯಿವರೆಗೂ ಹೋಗುತ್ತದೆ.

ಹೆಚ್ಚು ಜನ ಗಮನಿಸದ ಎರಡನೇ ವಿಷಯ ನನ್ನ ಪ್ರಕಾರ ದಂಡಕ್ಕಿಂತ ದೊಡ್ಡದು. ಮಾರ್ಪಾಡಿಗೆ ಬೇಕಾದ ಗುಣಮಟ್ಟ, ಒಪ್ಪಿಗೆಯ ಷರತ್ತು, ಬಿಡಿಭಾಗ ಜೋಡಿಸುವ ವಿಧಾನ ಎಲ್ಲವನ್ನೂ ಕೇಂದ್ರ ಸರ್ಕಾರ ನಿಗದಿ ಮಾಡಬಹುದು ಎಂದು 52ನೇ ಸೆಕ್ಷನ್‌ಗೆ ಹೊಸ ಮಾತು ಸೇರಿತು. ಹಾಗೆ ನಿಗದಿಯಾದ ಮಾರ್ಪಾಡು ಮಾಡಿಸಿದರೆ ತಯಾರಕರ ವಾರಂಟಿ ರದ್ದಾಗಬಾರದು ಎಂದೂ ಅಲ್ಲೇ ಬರೆದಿದೆ. ಅಂದರೆ ಕಾನೂನು ಬಾಗಿಲು ಮುಚ್ಚಿ ಬೀಗ ಹಾಕಿಲ್ಲ. ಸಿಎನ್‌ಜಿ ಕಿಟ್, ಎಲೆಕ್ಟ್ರಿಕ್ ಕಿಟ್ ವಿಷಯದಲ್ಲಿ ಒಪ್ಪಿಗೆಯ ದಾರಿ ಇದೆ. ಲಿಫ್ಟ್ ಕಿಟ್, ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಮೋಟಾರು) ಹೊರುವ ಬಂಪರ್, ಮಗುಚಿದಾಗ ಒಳಗಿನವರನ್ನು ಕಾಯುವ ಕಬ್ಬಿಣದ ರೋಲ್ ಕೇಜ್‌ಗೆ ಮಾತ್ರ ಇಲ್ಲ.

ಆರ್‌ಸಿಯಲ್ಲಿ ಇರುವುದು, ಇಲ್ಲದಿರುವುದು

ಒಂದು ಖಾಸಗಿ ಗಾಡಿಯ ಆರ್‌ಸಿ ತೆಗೆದು ನೋಡಿ. ತಯಾರಕರ ಹೆಸರು, ಮಾದರಿ, ಬಾಡಿಯ ಬಗೆ, ಬಣ್ಣ, ಎಂಜಿನ್ ಮತ್ತು ಚಾಸಿ ನಂಬರ್, ಸಿಸಿ, ಇಂಧನ, ಎಷ್ಟು ಸೀಟು, ವೀಲ್‌ಬೇಸ್, ಖಾಲಿ ಗಾಡಿಯ ತೂಕ. ನೆಲದಿಂದ ಎಷ್ಟು ಎತ್ತರ ಎಂಬುದು ಅಲ್ಲಿ ಇರುವುದಿಲ್ಲ. ಟೈರ್ ಸೈಜ್ ಸಾರಿಗೆ ವಾಹನಗಳ ಆರ್‌ಸಿಗೆ ಸಂಬಂಧಿಸಿದ್ದು, ಖಾಸಗಿ ಜೀಪಿನದ್ದಕ್ಕಲ್ಲ.

ವಾದ ಹುಟ್ಟುವುದೇ ಇಲ್ಲಿ. ಆಫ್‌ರೋಡ್ ಮಾಡುವವರು ಹೇಳುವುದು: ಎತ್ತರ, ಟೈರ್ ಆರ್‌ಸಿಯಲ್ಲೇ ಇಲ್ಲ ಅಂದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ನಾಲ್ಕು ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ವಸ್ತು ಗಾಡಿಯ ಮೂಲ ಲಕ್ಷಣ ಹೇಗೆ ಬದಲಾಯಿಸುತ್ತೆ? ಮಾರುವವನಿಗೆ ಅಡ್ಡಿ ಇಲ್ಲ, ಜೆಸಿ ರಸ್ತೆಯ ಅಂಗಡಿಗಳಲ್ಲಿ ರಾಜಾರೋಷವಾಗಿ ಸಿಗುತ್ತೆ, ಹಾಕಿಸಿಕೊಂಡವನಿಗೆ ಮಾತ್ರ ದಂಡವಾ?

ಸಾರಿಗೆ ಅಧಿಕಾರಿಗಳ ಕಡೆಯ ಮಾತೂ ಹಗುರವಾದದ್ದಲ್ಲ. ಯಾವುದೇ ಮಾದರಿ ಮಾರಾಟಕ್ಕೆ ಬರುವ ಮುಂಚೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರುತ್ತದೆ. ಬ್ರೇಕ್, ಸ್ಟೇರಿಂಗ್, ಹೆಡ್‌ಲೈಟ್ ಎತ್ತರ ಎಲ್ಲ ಸೇರಿದ ಒಟ್ಟು ಗಾಡಿಗೆ ಸಿಕ್ಕ ಒಪ್ಪಿಗೆ ಅದು. ಮನೆಯಲ್ಲಿ ಸ್ಪ್ರಿಂಗ್ ಬದಲಾಯಿಸಿದ ಗಾಡಿಯನ್ನು ಹಾಗೆ ಯಾರೂ ಪರೀಕ್ಷಿಸಿಲ್ಲ. ಅದು ಪಕ್ಕದ ಲೇನ್‌ನ ಸ್ಕೂಟರಿಗೆ ಅಪಾಯವೋ ಅಲ್ಲವೋ ಎಂದು ಇನ್‌ಸ್ಪೆಕ್ಟರ್ ಐದು ನಿಮಿಷದಲ್ಲಿ ಹೇಗೆ ಹೇಳಬೇಕು? ಹೇಳಲು ಆಗದಿದ್ದಾಗ ಬೇಡ ಎನ್ನುವುದೇ ಸುರಕ್ಷಿತ.

ಕೆಲವು ವಿಷಯಗಳಲ್ಲಿ ಇಷ್ಟು ವಾದಕ್ಕೂ ಜಾಗ ಇಲ್ಲ. ಗಾಡಿಯ ಮುಂದೆ ಹಾಕಿಸುವ ಕಬ್ಬಿಣದ ಕಂಬಿ, ಬುಲ್ ಬಾರ್ ಅಂಥದ್ದು. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಚಿವಾಲಯ ಇವುಗಳ ವಿರುದ್ಧ ಕ್ರಮ ತೆಗೆದುಕೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಕಾರಣ ಸರಿಯಾದದ್ದೇ. ನಡೆದು ಹೋಗುವವರಿಗೆ ತಗುಲಿದರೆ ಬಾಗದ ಕಬ್ಬಿಣ ಮೂಳೆ ಮುರಿಯುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೆನ್ಸರ್‌ಗೆ ಪೆಟ್ಟು ತಲುಪುವ ರೀತಿಯೇ ಬದಲಾಗುತ್ತದೆ. ಕಣ್ಣು ಕುಕ್ಕುವ ಲೈಟುಗಳದ್ದೂ ಹೀಗೆಯೇ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಇದರ ವಿರುದ್ಧ ಕಾರ್ಯಾಚರಣೆ ಶುರು ಮಾಡಿದರು. ಎಂಜಿನ್ ಬದಲಾವಣೆ, ಬಾಡಿ ಕತ್ತರಿಸುವುದು, ಹಾರ್ಡ್‌ಟಾಪ್ ತೆಗೆದು ಸಾಫ್ಟ್‌ಟಾಪ್ ಮಾಡುವುದು, ಬಣ್ಣ ಬದಲಾಯಿಸುವುದು ನೇರವಾಗಿ ಆರ್‌ಸಿಯ ವಿವರವನ್ನೇ ಮುಟ್ಟುತ್ತವೆ. ಇವಕ್ಕೆ ಆರ್‌ಟಿಒ ಒಪ್ಪಿಗೆ ಇಲ್ಲದೆ ಕೈ ಹಾಕಬಾರದು. ಗಾಡಿ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ಇನ್ನೊಂದು ಮಾತು, ತುಂಬ ಹಳೆ ಜೀಪಿನವರಿಗೆ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲೇ ಇರಬೇಕು. ಒಂದು ಹಳೆ ವಿಲ್ಲೀಸ್ ಜೀಪಿನ ಚಾಸಿ ಕತ್ತರಿಸಿದ ದಿನವೇ ಆ ದಾರಿ ಮುಚ್ಚಿಹೋಗುತ್ತದೆ, ಮತ್ತೆ ತೆರೆಯುವುದಿಲ್ಲ.

ಟೈರ್ ಒಂದು ಬದಲಾದರೆ ಏನೆಲ್ಲ ಬದಲಾಗುತ್ತೆ

ಕಾನೂನು ಪಕ್ಕಕ್ಕಿಟ್ಟು ಗಾಡಿಯ ಕೆಳಗೆ ನೋಡೋಣ. ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟ ಟೈರ್ 205/70 ಆರ್ 15. ಬಹಳ ಜನ ಹಾಕಿಸುವುದು 235/75 ಆರ್ 15. ಮೊದಲನೆಯದರ ವ್ಯಾಸ ಸುಮಾರು 668 ಮಿ.ಮೀ., ಎರಡನೆಯದರದ್ದು ಸುಮಾರು 733. ಹೆಚ್ಚೂಕಡಿಮೆ ಶೇ 10 ವ್ಯತ್ಯಾಸ.

ನೆಲದಿಂದ ಸಿಗುವ ಎತ್ತರ ಇದರ ಅರ್ಧ, ಅಂದರೆ 33 ಮಿ.ಮೀ. ಅಷ್ಟೇ. ಆದರೆ ಬೆಲೆ ಕೊಡಬೇಕಾದದ್ದು ಪೂರ್ತಿ ಶೇ 10ಕ್ಕೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 66ರಲ್ಲಿ ಓಡುತ್ತಿರುತ್ತದೆ. ಕಿಲೋಮೀಟರ್ ಲೆಕ್ಕವೂ ಕಡಿಮೆ ಬೀಳುವುದರಿಂದ ಆಯಿಲ್ ಬದಲಾಯಿಸುವ ಹೊತ್ತು ತಡವಾಗುತ್ತದೆ. ಎಂಜಿನ್‌ಗೆ ಪ್ರತಿ ಗೇರ್ ಶೇ 10 ಭಾರ ಎನಿಸುತ್ತದೆ. 1.3 ಲೀಟರ್ ಪೆಟ್ರೋಲ್ ಎಂಜಿನ್, ಕಡಿದಾದ ಏರು. ಆ ಕೊರತೆಯನ್ನು ಕ್ಲಚ್ ತುಂಬಿಕೊಡಬೇಕಾಗುತ್ತದೆ, ಬೇಗ ಸವೆಯುತ್ತದೆ. ಬ್ರೇಕ್‌ಗೂ ಅಷ್ಟೇ. ಚಕ್ರ ದೊಡ್ಡದಾದಷ್ಟೂ ಅದನ್ನು ನಿಲ್ಲಿಸಲು ಡಿಸ್ಕ್ ಮತ್ತು ಡ್ರಮ್ ಜಾಸ್ತಿ ಬಲ ಹಾಕಬೇಕು. ಡಿಸ್ಕ್, ಡ್ರಮ್ ಮಾತ್ರ ಹಳೆಯವೇ. ನಂದಿ ಬೆಟ್ಟ ಇಳಿಯುವಾಗ ಈ ಶೇ 10 ಎಲ್ಲಿ ಹೋಯಿತು ಎಂದು ಕಾಲಿಗೆ ಗೊತ್ತಾಗುತ್ತದೆ.

ಟೈರ್ ದೊಡ್ಡದಾದ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಫೆಂಡರ್‌ಗೆ ಉಜ್ಜುತ್ತದೆ. ಉಜ್ಜಬಾರದು ಎಂದು ಗಾಡಿ ಎತ್ತರಿಸಬೇಕಾಗುತ್ತದೆ. ಒಂದು ಬದಲಾವಣೆ ಇನ್ನೊಂದನ್ನು ಕೇಳುವುದು ಹೀಗೆ.

ಎತ್ತರಿಸುವುದರ ಒಳಗುಟ್ಟು

ಜಿಪ್ಸಿಯ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಅಗ್ಗದ ದಾರಿ ಎಂದರೆ ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಶ್ಯಾಕಲ್, ಉದ್ದದ್ದು ಹಾಕುವುದು. ಯಾವುದಾದರೂ ಲೇತ್‌ನಲ್ಲಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ತೊಂದರೆ ಏನೆಂದರೆ ಶ್ಯಾಕಲ್ ಉದ್ದವಾದಾಗ ಮುಂದಿನ ಸ್ಪ್ರಿಂಗ್‌ನ ಒಂದು ತುದಿ ಮಾತ್ರ ಕೆಳಗಿಳಿಯುತ್ತದೆ. ಅದರ ಜೊತೆ ಆಕ್ಸಲ್ ಕೂಡ ಸ್ವಲ್ಪ ಸುತ್ತಿಕೊಳ್ಳುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಲು ಬೇಕಾದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತುಮಕೂರು ರಸ್ತೆಯಲ್ಲಿ 70ರ ವೇಗದಲ್ಲಿ ಒಂದು ಹಳ್ಳ ಹಾರಿಸಿದರೆ ಸಾಕು, ಮುಂದಿನ ಚಕ್ರಗಳು ಗಡಗಡ ನಡುಗಲು ಶುರುವಾಗುತ್ತವೆ. ಗಾಡಿ ಪೂರ್ತಿ ನಿಧಾನವಾಗುವ ತನಕ ಆ ನಡುಕ ನಿಲ್ಲುವುದಿಲ್ಲ.

ಇನ್ನೊಂದು ದಾರಿ ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರಿಸುವುದು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿರುತ್ತದೆ. ಅದನ್ನು ಮೇಲಕ್ಕೆ ತಂದರೆ ಒಮ್ಮೆಗೆ ಸುಮಾರು 5 ಇಂಚು ಎತ್ತರ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆಕ್ಸಲ್‌ಗೆ ಸ್ಪ್ರಿಂಗ್ ಕೂರಲು ಹೊಸ ಪಟ್ಟಿ (ಪೆರ್ಚ್) ವೆಲ್ಡ್ ಮಾಡಬೇಕು. ಕೋನ ಒಂದೆರಡು ಡಿಗ್ರಿ ತಪ್ಪಿದರೂ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್ ಬೇಗ ಹೋಗುತ್ತದೆ. ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸಲಾಕೆ ಓರೆಯಾಗುವುದರಿಂದ ಹಳ್ಳ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನೇ ಎಳೆಯುತ್ತದೆ. ಗಟ್ಟಿಯಾಗಿ ಆಕ್ಸಿಲರೇಟರ್ ಕೊಟ್ಟಾಗ ಸ್ಪ್ರಿಂಗ್ ಎಸ್ ಆಕಾರಕ್ಕೆ ಬಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪ್, ಅಂದರೆ ಬ್ರೇಕ್ ಹೋಸ್. ಆಕ್ಸಲ್ ಪೂರ್ತಿ ಕೆಳಗೆ ಜೋತುಬಿದ್ದಾಗ ಮೊದಲಿನಷ್ಟೇ ಉದ್ದದ ಹೋಸ್ ಬಿಗಿದು ನಿಲ್ಲುತ್ತದೆ. ಮನೆಯಂಗಳದಲ್ಲಿ ನಿಂತ ಗಾಡಿಯಲ್ಲಿ ಇದು ಕಾಣುವುದೇ ಇಲ್ಲ. ಕಾಣಬೇಕೆಂದರೆ ಚಾಸಿ ಎತ್ತಿ ಚಕ್ರವನ್ನು ಪೂರ್ತಿ ಇಳಿಬಿಟ್ಟು ನೋಡಬೇಕು.

ಇನ್ನು ಮಗುಚುವ ಲೆಕ್ಕ. ಒಂದು ಗಾಡಿಯ ಎಡ ಬಲ ಚಕ್ರಗಳ ನಡುವೆ 1,300 ಮಿ.ಮೀ. ಅಂತರ, ಗುರುತ್ವ ಕೇಂದ್ರ ನೆಲದಿಂದ 650 ಮಿ.ಮೀ. ಎಂದಿಟ್ಟುಕೊಳ್ಳಿ. ಕಾಗದದ ಮೇಲಿನ ಲೆಕ್ಕದಲ್ಲಿ ಅದು 45 ಡಿಗ್ರಿ ವಾಲಿದಾಗ ಮಗುಚುತ್ತದೆ. ಗುರುತ್ವ ಕೇಂದ್ರ 100 ಮಿ.ಮೀ. ಮೇಲಕ್ಕೆ ಹೋದರೆ ಆ ಮಿತಿ ಸುಮಾರು 41ಕ್ಕೆ ಇಳಿಯುತ್ತದೆ. ನಿಜದಲ್ಲಿ ಸ್ಪ್ರಿಂಗ್, ಟೈರ್ ಬಾಗುವುದರಿಂದ ಇನ್ನೂ ಬೇಗ. ಚಾವಣಿ ಮೇಲೆ ಕ್ಯಾರಿಯರ್, ಸ್ಟೆಪ್ನಿ, ನೀರಿನ ಕ್ಯಾನ್ ಇಟ್ಟರೆ ಮತ್ತೂ ಬೇಗ. ಕಾಡಿನ ಓರೆಯಲ್ಲಿ ನಿಧಾನ ಹೋಗುವಾಗ ಚಾಲಕ ಎಚ್ಚರವಾಗಿರುತ್ತಾನೆ. ಅಪಾಯ ಜಾಸ್ತಿ ಇರುವುದು ವಾಪಸ್ ಬರುವಾಗ, ನೈಸ್ ರಸ್ತೆಯಲ್ಲಿ ಯಾರೋ ಅಡ್ಡ ಬಂದು ಸ್ಟೇರಿಂಗ್ ಥಟ್ಟನೆ ತಿರುಗಿಸಿದಾಗ.

ಮನೆಯಲ್ಲಿ ಮಾಡುವ ಕೆಲಸ

ಬೆಂಗಳೂರಿನಲ್ಲಿ ಮನೆಯಲ್ಲೇ ಗಾಡಿ ಬಿಚ್ಚುವವರಿಗೆ ಸಾಮಾನಿನ ಕೊರತೆ ಇಲ್ಲ. ಹೊಸ ಬಿಡಿಭಾಗಕ್ಕೆ ಜೆಸಿ ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ, ಲೇತ್ ಮತ್ತು ಫ್ಯಾಬ್ರಿಕೇಶನ್‌ಗೆ ಪೀಣ್ಯ. ಕೊರತೆ ಇರುವುದು ಜಾಗದ್ದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಸಮತಟ್ಟಾದ ನೆಲ ಸಿಕ್ಕರೂ ವೆಲ್ಡಿಂಗ್ ಮಾಡುವಂತಿಲ್ಲ, ಮಾಡಲೂಬಾರದು. ಸುತ್ತ ಐವತ್ತು ಗಾಡಿಗಳ ಪೆಟ್ರೋಲ್ ಟ್ಯಾಂಕ್ ಇರುತ್ತವೆ. ರಸ್ತೆ ಬದಿಯಲ್ಲಿ ಇಳಿಜಾರು. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ನುಗ್ಗುವುದು, ಸಿಮೆಂಟ್ ಬ್ಲಾಕ್ ಕೊಟ್ಟು ನಿಲ್ಲಿಸುವುದು ಇಲ್ಲಿ ದಿನಾ ಕಾಣುವ ದೃಶ್ಯ. ಸಿಮೆಂಟ್ ಬ್ಲಾಕ್ ಒಡೆಯುವ ಮುಂಚೆ ಸದ್ದು ಮಾಡುವುದಿಲ್ಲ. ದಯವಿಟ್ಟು ಜಾಕ್ ಸ್ಟ್ಯಾಂಡ್ ತೆಗೆದುಕೊಳ್ಳಿ, ನಾಲ್ಕು.

ಹಳೆ ಗಾಡಿಯಲ್ಲಿ ಇನ್ನೊಂದು ಸಂಗತಿ ಇದೆ, ತುಕ್ಕು. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಸ್ಪ್ರಿಂಗ್ ಹ್ಯಾಂಗರ್ ಕೂರುವ ಜಾಗದಲ್ಲಿ ಚಾಸಿ ಹಾಳೆಯಂತಾಗಿರುತ್ತದೆ. ಹೊಸ ಗಟ್ಟಿ ಸ್ಪ್ರಿಂಗ್ ಹಾಕಿದಾಗ ಪೆಟ್ಟೆಲ್ಲ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಸುತ್ತಿಗೆಯಲ್ಲಿ ತಟ್ಟಿ ನೋಡುವ ಕೆಲಸ ಮೊದಲು, ಸ್ಪ್ರಿಂಗ್ ಕೊಳ್ಳುವ ಮಾತು ಆಮೇಲೆ. ಚಾಸಿ ನಂಬರ್ ಇರುವ ಜಾಗದ ಹತ್ತಿರ ಗ್ರೈಂಡರ್ ಹೋಗಲೇಬಾರದು. ನಂಬರ್ ಓದಲು ಬಾರದ ಗಾಡಿಗೆ ಎಫ್‌ಸಿಯಲ್ಲಿ ಆಗುವ ಕಿರಿಕಿರಿ ಲಿಫ್ಟ್‌ನದಕ್ಕಿಂತ ದೊಡ್ಡದು.

ಸ್ಪ್ರಿಂಗ್ ಬದಲಾಯಿಸುವಾಗ ಬಹಳ ಕಡೆ ಆಗುವ ಒಂದು ಸಣ್ಣ ತಪ್ಪು ಹೇಳುತ್ತೇನೆ. ಗಾಡಿ ಗಾಳಿಯಲ್ಲಿ ಎತ್ತಿರುವಾಗಲೇ ಶ್ಯಾಕಲ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕೆಳಗಿಳಿಸಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಯು ಬೋಲ್ಟ್ ಹಳೆಯದು ಮತ್ತೆ ಹಾಕಬಾರದು. ಹೊಸದನ್ನೂ ಒಂದೆರಡು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ವಿಂಚ್ ವಿಷಯದಲ್ಲಿ ವೈರಿಂಗ್ ನೋಡಬೇಕು. ಪೂರ್ತಿ ಭಾರ ಎಳೆಯುವಾಗ ಅದು ನೂರಾರು ಆಂಪಿಯರ್ ಕರೆಂಟ್ ಕೇಳುತ್ತದೆ. ತೆಳು ವೈರ್, ಸಡಿಲ ಟರ್ಮಿನಲ್ ಇದ್ದರೆ ಬೆಂಕಿ. ವಿಂಚ್ ಮತ್ತು ಅದನ್ನು ಹೊರುವ ಕಬ್ಬಿಣದ ಬಂಪರ್ ಮುಂದಿನ ಆಕ್ಸಲ್‌ಗಿಂತಲೂ ಮುಂದೆ ಜೋತುಬೀಳುವ ಭಾರ. ಒಂದು ಟನ್ ಆಸುಪಾಸಿನ ಜಿಪ್ಸಿಗೆ ಅದು ಸಣ್ಣದಲ್ಲ.

ಕಣ್ಣಿಗೆ ಕಾಣದ ಕೆಲಸವೇ ಜಾಸ್ತಿ ಉಪಯೋಗ

ಹಳೆ ಫೋರ್‌ ವೀಲ್‌ ಡ್ರೈವ್ ಗಾಡಿ ಕೆಸರಲ್ಲಿ ಸಿಕ್ಕಿಕೊಳ್ಳುವುದು ಎತ್ತರ ಸಾಲದೆ ಎನ್ನುವುದಕ್ಕಿಂತ ಹಿಡಿತ ಸಾಲದೆ. ಎಡ ಬಲ ಚಕ್ರಕ್ಕೆ ಬಲ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಇರುವ ಆಕ್ಸಲ್‌ನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೆ ಬಲ ಪೂರ್ತಿ ಅಲ್ಲಿಗೇ ಹರಿದು ಅದು ಸುಮ್ನೆ ತಿರುಗುತ್ತದೆ, ನೆಲದ ಮೇಲಿರುವ ಚಕ್ರ ನಿಂತುಬಿಡುತ್ತದೆ. ಮುಂದೆ ಒಂದು, ಹಿಂದೆ ಓರೆಯಲ್ಲಿ ಇನ್ನೊಂದು ಚಕ್ರ ಎದ್ದರೆ ಗಾಡಿ ಅಲ್ಲಾಡುವುದಿಲ್ಲ. 5 ಇಂಚಿನ ಲಿಫ್ಟ್ ಇಲ್ಲಿ ಏನೂ ಮಾಡದು. ಹಿಂದಿನ ಆಕ್ಸಲ್‌ಗೆ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಒಂದು ಲಾಕರ್ ಇದ್ದರೆ ಗಾಡಿ ಹೊರಬರುತ್ತದೆ. ಲಾಕರ್ ಆರ್‌ಸಿಯ ಯಾವ ಸಾಲನ್ನೂ ಮುಟ್ಟುವುದಿಲ್ಲ, ಗುರುತ್ವ ಕೇಂದ್ರವನ್ನೂ ಮೇಲಕ್ಕೆ ಒಯ್ಯುವುದಿಲ್ಲ. ಆದರೂ ಅದು ಬಿಡಿಭಾಗ ಜೋಡಣೆಯೇ. ಕಾಗದದ ಮೇಲೆ ಪೂರ್ತಿ ಕ್ಷೇಮ ಎಂದು ಯಾರೂ ಬರೆದುಕೊಡಲಾರರು.

ಅದಕ್ಕಿಂತ ಅಗ್ಗದ್ದು ಟೈರಿನ ಗಾಳಿ. ರಸ್ತೆಯ 28, 30 ಪಿಎಸ್‌ಐ ಇದ್ದದ್ದನ್ನು ಕೆಸರು ಮರಳಿನಲ್ಲಿ 18ರ ಆಸುಪಾಸಿಗೆ ಇಳಿಸಿದರೆ ಟೈರ್ ಉದ್ದಕ್ಕೆ ಹರಡಿ ನೆಲ ಹಿಡಿಯುತ್ತದೆ. ಖರ್ಚು ಸೊನ್ನೆ. ಡಾಂಬರಿಗೆ ಬರುವ ಮುಂಚೆ ಮತ್ತೆ ತುಂಬಿಸಬೇಕು, ಅದಕ್ಕೆ ಗಾಡಿಯಲ್ಲೊಂದು ಸಣ್ಣ ಕಂಪ್ರೆಸರ್. ಕಂಪನಿ ಸೈಜಿನಲ್ಲೇ ಒಳ್ಳೆ ಆಲ್‌ ಟೆರೇನ್ ಟೈರ್ ಸಿಗುತ್ತದೆ.

ನೀರು ದಾಟುವವರು ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಬಗ್ಗೆ ತುಂಬ ಯೋಚಿಸುತ್ತಾರೆ, ಆಕ್ಸಲ್‌ಗೆ ಗಾಳಿಯಾಡುವ ತೂತು, ಬ್ರೀದರ್ ಬಗ್ಗೆ ಯೋಚಿಸುವುದಿಲ್ಲ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ. ಬ್ರೀದರ್‌ಗೆ ಒಂದು ಉದ್ದ ಪೈಪ್ ಜೋಡಿಸಿ ಎಂಜಿನ್ ಕಡೆ ಮೇಲಕ್ಕೆ ಒಯ್ದರೆ ಮುಗಿಯಿತು. ಒಂದು ಭಾನುವಾರದ ಕೆಲಸ. ಹಳೆ ಬುಷ್, ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್, ಫ್ರೀ ವೀಲ್ ಹಬ್ ಹೊಸದಾಗಿ ಮಾಡಿಸುವುದೂ ಹೀಗೆಯೇ. ಫೋಟೋದಲ್ಲಿ ಕಾಣುವುದಿಲ್ಲ, ಬೆಟ್ಟದಲ್ಲಿ ಗೊತ್ತಾಗುತ್ತದೆ.

ವಿಮೆ, ಗಡಿ, ಕಾಡು

ದಂಡಕ್ಕಿಂತ ದುಬಾರಿ ಆಗುವುದು ವಿಮೆ. ಪಾಲಿಸಿ ಮಾಡುವಾಗ ತಿಳಿಸದ ಮಾರ್ಪಾಡು ಅಪಘಾತದ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಸಿಗುತ್ತದೆ. ಬೇರೆಯವರಿಗೆ ಪೆಟ್ಟಾಗಿದ್ದರೆ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡುವ ಸಾಧ್ಯತೆಯೂ ಇದೆ. ಅದು ಸಾವಿರಗಳ ಲೆಕ್ಕವಲ್ಲ. ಹಾಕಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳುವುದು ಕನಿಷ್ಠ ಎಚ್ಚರ.

ಬೆಂಗಳೂರಿನವರು ವಾರಾಂತ್ಯಕ್ಕೆ ವಯನಾಡಿಗೆ ಹೋಗುವುದು ಜಾಸ್ತಿ. ಕೇರಳದಲ್ಲಿ ಮಾರ್ಪಾಡಿನ ಮೇಲೆ ಕಣ್ಣು ಇನ್ನೂ ಬಿಗಿ. 2024ರಲ್ಲಿ ಅಲ್ಲಿನ ಹೈಕೋರ್ಟ್ ಮಾರ್ಪಡಿಸಿದ ಗಾಡಿಗಳ ವಿರುದ್ಧ ಕಟ್ಟುನಿಟ್ಟಿನ ಕ್ರಮಕ್ಕೆ ಸೂಚಿಸಿತು. ಇಲ್ಲಿ ಯಾರೂ ಕೇಳದ ಲೈಟ್ ಬಾರ್ ಅಲ್ಲಿ ಗಾಡಿ ನಿಲ್ಲಿಸಬಹುದು.

ಮಾರ್ಪಾಡು ಸರಿಯಿದ್ದರೂ ಓಡಿಸುವ ಜಾಗ ಸರಿಯಿರಬೇಕು. ಹೆಸರಘಟ್ಟ ಹುಲ್ಲುಗಾವಲಿನಲ್ಲಿ ಗಾಡಿ ಓಡಿಸುವುದಕ್ಕೆ ಪರಿಸರದ ಕೆಲಸ ಮಾಡುವವರು ವರ್ಷಗಳಿಂದ ವಿರೋಧ ಹೇಳುತ್ತಿದ್ದಾರೆ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ಒಪ್ಪಿತು. ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿಗೆ ಅಲ್ಲಿ ಒಂದು ಟೈರ್ ಗುರುತು ಸಾಕು, ಮೊಟ್ಟೆ ಹೋಯಿತು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಸ್ವಂತ ಜಮೀನು, ಒಪ್ಪಿಗೆ ಪಡೆದ ತೋಟ, ಆಯೋಜಿತ ಟ್ರ್ಯಾಕ್ ಇಷ್ಟೇ ಉಳಿದ ದಾರಿ.

ಸ್ಪರ್ಧೆಯ ಗಾಡಿಗಳದ್ದು ಬೇರೆ ಕತೆ. ದೊಡ್ಡ ಆಫ್‌ರೋಡ್ ಸ್ಪರ್ಧೆಗಳಿಗೆ ರೋಲ್ ಕೇಜ್, ವಿಂಚ್ ಇಲ್ಲದೆ ಒಳಗೇ ಬಿಡುವುದಿಲ್ಲ. ಅದೇ ಗಾಡಿ ಸಾರ್ವಜನಿಕ ರಸ್ತೆಗೆ ಬಂದರೆ ಅದೇ ಕೇಜ್ ಮತ್ತು ವಿಂಚ್‌ಗೆ ಪ್ರಶ್ನೆ ಏಳುತ್ತದೆ. ಹಾಗಾಗಿ ಅಂಥ ಗಾಡಿಯನ್ನು ಲಾರಿ ಅಥವಾ ಟ್ರೇಲರ್ ಮೇಲೆ ಸಾಗಿಸುವುದೇ ಸರಿ.

ಇದು ಎಲ್ಲಿಗೆ ಹೋಗುತ್ತೆ

ಈಗಿನ ಸ್ಥಿತಿಯ ನೇರ ಫಲ ಒಂದಿದೆ. ಎಫ್‌ಸಿಗೆ ವಾರ ಮುಂಚೆ ಹಳೆ ಸ್ಪ್ರಿಂಗ್, ಹಳೆ ಬಂಪರ್ ವಾಪಸ್ ಹಾಕಿ, ಮುಗಿದ ಮೇಲೆ ಮತ್ತೆ ಎತ್ತರಿಸುವ ಅಭ್ಯಾಸ. ಇದರಿಂದ ಆಗುವ ಹಾನಿ ಏನೆಂದರೆ ತಪಾಸಣೆ ಆಗುವುದು ಒಂದು ಗಾಡಿಗೆ, ರಸ್ತೆಯಲ್ಲಿ ಓಡುವುದು ಇನ್ನೊಂದು. ಬ್ರೇಕ್ ಹೋಸ್ ಉದ್ದ ಸಾಲದ ಗಾಡಿಯನ್ನು ಯಾವ ಇನ್‌ಸ್ಪೆಕ್ಟರ್ ಕೂಡ ನೋಡುವುದೇ ಇಲ್ಲ. 2 ಇಂಚು ಅಚ್ಚುಕಟ್ಟಾಗಿ ಎತ್ತರಿಸಿದವನಿಗೂ, ಸ್ಪ್ರಿಂಗ್ ಪೆರ್ಚ್ ಅಡ್ಡಾದಿಡ್ಡಿ ವೆಲ್ಡ್ ಮಾಡಿದವನಿಗೂ ಕಾನೂನು ಒಂದೇ ಉತ್ತರ ಕೊಡುವುದರಿಂದ ಇಬ್ಬರೂ ಬಚ್ಚಿಡುತ್ತಾರೆ. ಸರಿಯಾಗಿ ಮಾಡಿದವನಿಗೆ ತೋರಿಸಿಕೊಳ್ಳಲು ಯಾವ ಲಾಭವೂ ಇಲ್ಲ.

ಬೇರೆ ದೇಶಗಳು ಇದನ್ನು ಬೇರೆ ರೀತಿ ಬಿಡಿಸಿವೆ. ಆಸ್ಟ್ರೇಲಿಯದಲ್ಲಿ ಸಣ್ಣ ಮಿತಿಯೊಳಗೆ ಗಾಡಿ ಎತ್ತರಿಸಲು ಅವಕಾಶ ಇದೆ, ಮಿತಿ ಮೀರಿದರೆ ಪರಿಣತ ಎಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಜರ್ಮನಿಯಲ್ಲಿ ತಾಂತ್ರಿಕ ತಪಾಸಣೆ ಮುಗಿದ ಮೇಲೆ ಬದಲಾವಣೆಯನ್ನು ಗಾಡಿಯ ಕಾಗದದಲ್ಲೇ ಬರೆಯುತ್ತಾರೆ. ನಮ್ಮಲ್ಲೂ 2019ರ ತಿದ್ದುಪಡಿ ಅಷ್ಟೇ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಹೊಸ ಕಾಯ್ದೆ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಯಾವ ಮಾದರಿಗೆ ಎಷ್ಟು ಎತ್ತರ, ಜೊತೆಗೆ ಯಾವ ಬ್ರೇಕ್ ಹೋಸ್, ಯಾವ ಸ್ಟೇರಿಂಗ್ ಭಾಗ ಕಡ್ಡಾಯ ಎಂದು ಎಆರ್‌ಎಐನಂಥ ಸಂಸ್ಥೆ ಒಂದು ಕಿಟ್‌ಗೆ ಒಪ್ಪಿಗೆ ಕೊಡಲಿ. ಆರ್‌ಟಿಒ ಅದನ್ನು ಆರ್‌ಸಿಯಲ್ಲಿ ನಮೂದಿಸಲಿ. ಆಗ ಇನ್‌ಸ್ಪೆಕ್ಟರ್‌ಗೆ ನೋಡಲು ಒಂದು ಪಟ್ಟಿ ಸಿಗುತ್ತದೆ, ವಿಮೆ ಕಂಪನಿಗೆ ಪ್ರೀಮಿಯಂ ಹಾಕಲು ಒಂದು ಆಧಾರ ಸಿಗುತ್ತದೆ. ಸುಪ್ರೀಂ ಕೋರ್ಟ್ ತೀರ್ಪಿಗೂ ಇದು ವಿರುದ್ಧವಾಗುವುದಿಲ್ಲ, ಯಾಕೆಂದರೆ ಒಪ್ಪಿಗೆ ಬರುವುದು ಅದೇ 52ನೇ ಸೆಕ್ಷನ್‌ನ ಒಳಗಿನಿಂದ.

ಅಷ್ಟರಲ್ಲಿ ತಪಾಸಣೆಯ ರೀತಿಯೂ ಬದಲಾಗುತ್ತಿದೆ. ಮನುಷ್ಯನ ಕಣ್ಣಿನ ಬದಲು ಯಂತ್ರದಿಂದ ಪರೀಕ್ಷಿಸುವ ಕೇಂದ್ರಗಳನ್ನು ದೇಶದಾದ್ಯಂತ ಹಂತಹಂತವಾಗಿ ತರುವ ಕೆಲಸ ನಡೆದಿದೆ. ಅಲ್ಲಿ ರೋಲರ್ ಮೇಲೆ ಪ್ರತಿ ಆಕ್ಸಲ್‌ನ ಬ್ರೇಕ್ ಬಲ ಅಳೆಯುತ್ತಾರೆ, ಚಕ್ರ ಪಕ್ಕಕ್ಕೆ ಎಳೆಯುತ್ತದಾ ನೋಡುತ್ತಾರೆ, ಹೆಡ್‌ಲೈಟ್ ಎಲ್ಲಿ ಬೀಳುತ್ತದೆ ನೋಡುತ್ತಾರೆ. ಎತ್ತರಿಸಿದ ಗಾಡಿಯಲ್ಲಿ ಮೊದಲು ಕೆಡುವುದು ಈ ಮೂರೇ. ಪರಿಚಯದ ಏಜೆಂಟ್ ಮೂಲಕ ಯಂತ್ರಕ್ಕೆ ಮಾತು ಹೇಳಿಸಲು ಬರುವುದಿಲ್ಲ.

2010, 2011ರ ಥಾರ್, 2005, 2006ರ ಜಿಪ್ಸಿ ಇಟ್ಟುಕೊಂಡವರು ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಆ ಎರಡು ತಿಂಗಳಲ್ಲಿ ಒಂದು ದಿನ ಚಾಸಿ ಎತ್ತಿಸಿ, ಚಕ್ರ ಇಳಿಬಿಟ್ಟು, ಬ್ರೇಕ್ ಹೋಸ್ ಎಷ್ಟು ಬಿಗಿಯಾಗುತ್ತದೆ ನೋಡಿ. ಅಲೈನ್‌ಮೆಂಟ್ ಮಾಡಿಸಿ ಕ್ಯಾಸ್ಟರ್ ಎಷ್ಟಿದೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಆ ಎರಡು ಸರಿ ಇಲ್ಲದಿದ್ದರೆ ಕಂಪನಿ ಸ್ಪ್ರಿಂಗ್ ವಾಪಸ್ ಹಾಕಿಸಿ, ಎಫ್‌ಸಿ ಮುಗಿದ ಮೇಲೂ ಅದನ್ನೇ ಇರಿಸಿ.